ಯಾವ ಮಗ್ಗುಲು ಮೇಲೆ

ವೀರಬಸಪ್ಪನವರು ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದರು. ಯಲಹಂಕದ ಆ ಖಾಸಗಿ ಕಾಲೇಜಿಗೆ ನಾನು ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ ಸೇರಿದ ದಿನ ಅವರನ್ನು ಹುಡುಕಿಕೊಂಡು ಹೋದರೆ, ಮೇಜಿನ ಕೆಳಗೆ ಎರಡು ಕಾಲು ಮಾತ್ರ ಕಂಡವು. "ಹೊಸಾ ಮೇಡಮ್ಮಾರೇನ್ರಿ? ಕುಂದರ್ರಿ, ಬಂದೆ" ಎಂದು ಒಳಗಿನಿಂದ ದನಿ ಬಂತು. ಹೊರಗೆ ಬಂದ ಮನುಷ್ಯ ಮಂಡಿಯ ದೂಳು ಒರೆಸಿಕೊಂಡು ಕೈಮುಗಿದ. ಆಗಲೇ ತಲೆ ಅರ್ಧ ನೆರೆತಿತ್ತು.

ಅವರು ಜಮಖಂಡಿ ಕಡೆಯವರು. ಜಾಲಹಳ್ಳಿಯಲ್ಲಿ ಕಾರ್ಖಾನೆಯೊಂದರ ಗೇಟಿನಲ್ಲಿ ನಿಲ್ಲುವ ಕೆಲಸಕ್ಕೆ ಬಂದು, ಆಮೇಲೆ ನಮ್ಮ ಕಾಲೇಜು ಸೇರಿದ್ದರು. ಬೆಂಗಳೂರಿಗೆ ಬಂದು ಇಪ್ಪತ್ತೈದು ವರ್ಷ ದಾಟಿದ್ದರೂ ಮಾತು ಊರಿನದೇ. ಕಾಲೇಜಿಗೆ ಮೊದಲ ಸಲ ಇಪ್ಪತ್ತು ಕಂಪ್ಯೂಟರ್ ಬಂದಾಗ, ಕಂಪನಿಯವನು ಎರಡನ್ನು ಜೋಡಿಸಿ ತೋರಿಸಿ ಊಟಕ್ಕೆ ಹೋದನಂತೆ. ಅವನು ಎಲೆ ಅಡಿಕೆ ಹಾಕಿಕೊಂಡು ವಾಪಸ್ ಬರುವಷ್ಟರಲ್ಲಿ ಇವರು ಉಳಿದ ಹದಿನೆಂಟನ್ನೂ ಜೋಡಿಸಿದ್ದರಂತೆ. ಈ ಕತೆಯನ್ನು ಅವರೇ ಹೇಳುತ್ತಿದ್ದುದರಿಂದ ಹದಿನೆಂಟೋ ಎಂಟೋ ನನಗೆ ಗೊತ್ತಿಲ್ಲ. ಆದರೆ ಅವರ ಕೈ ನೋಡಿದವರು ನಂಬುತ್ತಿದ್ದರು.

ಆಗ ಕೀಬೋರ್ಡು, ಮೌಸಿನ ಪ್ಲಗ್ಗುಗಳು ದುಂಡಗಿದ್ದವು. ಒಳಗೆ ಕೂದಲೆಳೆಯಂಥ ಪಿನ್ನುಗಳು. ಸ್ವಲ್ಪ ತಿರುಗಿಸಿ ಒತ್ತಿದರೂ ಪಿನ್ನು ಮಡಚಿಕೊಳ್ಳುತ್ತಿತ್ತು. ವೀರಬಸಪ್ಪನವರು ಜೇಬಿನಿಂದ ಖಾಲಿ ರೀಫಿಲ್ ಕೊಳವೆ ತೆಗೆದು, ಅದರ ಬಾಯನ್ನು ಪಿನ್ನಿಗೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡುತ್ತಿದ್ದರು. ಆಮೇಲೆ ಯುಎಸ್‌ಬಿ ಬಂತು. ಅದಕ್ಕೆ ಇರುವುದು ಎರಡೇ ಮಗ್ಗುಲು. ಆದರೂ ನಾವೆಲ್ಲ ಒಂದು ಸಲ ಚುಚ್ಚಿ, ಹೋಗದೆ, ತಿರುಗಿಸಿ ಚುಚ್ಚಿ, ಆಗಲೂ ಹೋಗದೆ, ಮತ್ತೆ ತಿರುಗಿಸಿದ ಮೇಲೇ ಒಳಗೆ ಸೇರಿಸುತ್ತಿದ್ದೆವು. ಮೊದಲನೇ ಸಲ ಹಿಡಿದದ್ದೇ ಸರಿಯಾಗಿತ್ತಲ್ಲ ಎಂದು ಬೈದುಕೊಳ್ಳುತ್ತಿದ್ದೆವು. ಅವರಿಗೆ ಆ ತೊಂದರೆ ಇರಲಿಲ್ಲ. ಪ್ಲಗ್ಗಿನ ಒಂದು ಬದಿಯ ಉಬ್ಬು ಗುರುತನ್ನು ಹೆಬ್ಬೆರಳಿನಿಂದ ಸವರಿ ಒಂದೇ ಏಟಿಗೆ ಸೇರಿಸುತ್ತಿದ್ದರು. ಮೇಜಿನ ಕೆಳಗಿನ ಕತ್ತಲಲ್ಲಿ, ಸಿಪಿಯುವಿನ ಬೆನ್ನಿಗೆ ಕೈ ಹಾಕಿ, ಮುಖ ಇನ್ನೊಂದು ಕಡೆ ತಿರುಗಿಸಿ ನನ್ನ ಜೊತೆ ಮಾತಾಡುತ್ತಲೇ ಸೇರಿಸುತ್ತಿದ್ದರು.

"ನೋಡ್ದೇನೇ ಹೆಂಗೆ ಹಾಕ್ತೀರಾ?" ಎಂದು ಕೇಳಿದ್ದೆ.

"ಅಲ್ಲಿ ನೋಡಾಕ ಏನೈತ್ರಿ? ಬೆರಳಿಗೆ ಗೊತ್ತಾಗ್ತೈತಿ."

ಹೋದ ವರ್ಷ ಜುಲೈನಲ್ಲಿ ಅವರು ಒಂದು ಕೀಬೋರ್ಡು ಸೇರಿಸಲು ಹೋಗಿ ಐದು ನಿಮಿಷವಾದರೂ ಹೊರಗೆ ಬರಲಿಲ್ಲ. ಬಗ್ಗಿ ನೋಡಿದೆ. ಯುಎಸ್‌ಬಿಯನ್ನು ಇಂಟರ್ನೆಟ್ ಕೇಬಲ್ಲಿನ ತೂತಿಗೆ ತುರುಕಿದ್ದರು. ಅದು ಅಲ್ಲಿ ಹಾಗೇ ಹೋಗಿ ಕೂರುತ್ತದೆ, ಗಟ್ಟಿಯಾಗಿ ನಿಂತ ಹಾಗೆಯೂ ಅನಿಸುತ್ತದೆ. ಹೊಸ ವಿದ್ಯಾರ್ಥಿಗಳು ಮಾಡುವ ತಪ್ಪು. ಅವರು ಮಾಡುವಂಥದ್ದಲ್ಲ. ನಾನೇ ಕಿತ್ತು ಸರಿಯಾಗಿ ಹಾಕಿದೆ. ಅವರು ನನ್ನ ಮುಖ ನೋಡಲಿಲ್ಲ.

ಅದೇ ವಾರ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ ಕಾರಣ ಗೊತ್ತಾಯಿತು. ನಾನು ಕರ್ಚೀಫು ಸುತ್ತಿ ಹಿಡಿದಿದ್ದಂಥದೇ ಬಿಸಿ ಸ್ಟೀಲ್ ಲೋಟವನ್ನು ಅವರು ಬರಿಗೈಯಲ್ಲಿ ಹಿಡಿದು ಆರಾಮವಾಗಿ ಮಾತಾಡುತ್ತಿದ್ದರು. ಕೈ ತಿರುಗಿಸಿದಾಗ ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿತ್ತು.

"ವೀರಬಸಪ್ಪನವರೇ, ಕೈ ಸುಡ್ತಿದೆ!"

ಅವರು ಲೋಟ ಕೆಳಗಿಟ್ಟು ಬೆರಳು ನೋಡಿಕೊಂಡರು. ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದರು.

"ಶುಗರ್ ಐತ್ರಿ, ಹನ್ನೆರಡು ವರ್ಷ ಆತು. ನರ ಸತ್ತಾವು ಅಂದ್ರು ಡಾಕ್ಟರ್. ಮೊದಲ ಕಾಲಿಗಿತ್ತು, ಈಗ ಕೈಗೂ ಬಂದೈತಿ. ಏನ್ ಹಿಡದ್ರೂ ಅರಿವಿ ಸುತ್ತಿ ಹಿಡದಂಗ ಆಗ್ತೈತಿ." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು: "ಇನ್ನ ಒಂದು ವರ್ಷಕ್ಕ ರಿಟೈರ್ ಆಗ್ತೀನ್ರಿ. ಅಲ್ಲೀತನಕ ಯಾರ ಮುಂದೂ ಹೇಳಬ್ಯಾಡ್ರಿ."

ನಾನು ಹೇಳಲಿಲ್ಲ. ಒಂದು ಶನಿವಾರ ನಾನು ಉಗುರಿಗೆ ಹಚ್ಚುವ ಕೆಂಪು ಬಣ್ಣದ ಬಾಟಲಿ ತಂದೆ. ಇಬ್ಬರೂ ಕೂತು ನಲವತ್ತು ಸಿಸ್ಟಮ್ಮಿನ ಎಲ್ಲ ಪ್ಲಗ್ಗುಗಳಿಗೂ, ಅವು ಸೇರುವ ತೂತುಗಳ ಪಕ್ಕಕ್ಕೂ ಕೆಂಪು ಚುಕ್ಕೆ ಇಟ್ಟೆವು. ಚುಕ್ಕೆ ಚುಕ್ಕೆಯ ಕಡೆ ಬಂದರೆ ಸರಿ. "ನಮ್ಮ ಪಾರವ್ವಗ ಗೊತ್ತಾದ್ರ ನಗ್ತಾಳ್ರಿ, ಇಷ್ಟ ವರ್ಷದಾಗ ಆಕೀಗೆ ಒಮ್ಮೆರ ಬಣ್ಣ ಹಚ್ಚಿಲ್ಲ" ಎಂದು ಹೆಂಡತಿಯನ್ನು ನೆನೆದು ಅವರೇ ನಕ್ಕರು. ಆಮೇಲೆ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಮೇಜಿನ ಕೆಳಗೆ ಹೋಗಿ, ಚುಕ್ಕೆ ನೋಡಿ ಸೇರಿಸುವುದು ರೂಢಿಯಾಯಿತು. ನಿಧಾನವಾಗುತ್ತಿತ್ತು, ಆದರೆ ಆಗುತ್ತಿತ್ತು. ಹೀಗೆ ಏಳೆಂಟು ತಿಂಗಳು ಕಳೆಯಿತು.

ಏಪ್ರಿಲ್‌ನಲ್ಲಿ ನಮ್ಮ ಲ್ಯಾಬನ್ನು ಒಂದು ಆನ್‌ಲೈನ್ ಪ್ರವೇಶ ಪರೀಕ್ಷೆಗೆ ಕೊಟ್ಟರು. ನಡೆಸುವವರು ಹೊರಗಿನವರು. ಹಿಂದಿನ ದಿನವೇ ಬಂದು ನಮ್ಮ ಕೀಬೋರ್ಡು, ಮೌಸು ಎಲ್ಲ ಕಿತ್ತು ಮೂಲೆಗೆ ಸುರಿದು, ತಮ್ಮವನ್ನು ಹಾಕಿದರು. ಸಿಪಿಯುಗಳ ಬೆನ್ನನ್ನೂ ಗೋಡೆಯ ಕಡೆಗೆ ತಿರುಗಿಸಿ ಒತ್ತಿಟ್ಟರು. ಬೆಳಗ್ಗೆ ಬಂದು ನೋಡಿದ ವೀರಬಸಪ್ಪನವರು, "ಚುಕ್ಕಿ ಒಂದೂ ಇಲ್ಲಲ್ರಿ" ಎಂದರು. ನಾನು, "ಏನೂ ಆಗಲ್ಲ, ಅವರೇ ನೋಡ್ಕೋತಾರೆ" ಎಂದೆ. ಆ ಮಾತನ್ನು ಯಾವ ಧೈರ್ಯದ ಮೇಲೆ ಹೇಳಿದೆನೋ ಈಗಲೂ ತಿಳಿಯದು.

ಪರೀಕ್ಷೆ ಶುರುವಾಗಿ ಹತ್ತು ನಿಮಿಷವಾಗಿರಬಹುದು. ಹದಿನೇಳನೇ ಸೀಟಿನ ಹುಡುಗಿ ಕೈ ಎತ್ತಿದಳು. ಹೆಸರು ರೂಬಿ, ಆರ್.ಟಿ. ನಗರದಿಂದ ಬಂದವಳು. ಮೌಸು ಸತ್ತಿತ್ತು. ಹೊರಗಿನವರ ಕಡೆಯ ತಂತ್ರಜ್ಞ ಮೇಲಿನ ಮಹಡಿಯ ಇನ್ನೊಂದು ಲ್ಯಾಬಿನಲ್ಲಿದ್ದ. ಅವರ ಮೇಲ್ವಿಚಾರಕ ಬಾಗಿಲಲ್ಲಿ ನಿಂತಿದ್ದ ವೀರಬಸಪ್ಪನವರನ್ನು ಕರೆದ. "ಬನ್ನಿ, ಕೇಬಲ್ ಲೂಸಾಗಿದೆ ಅಷ್ಟೇ, ತೆಗೆದು ಹಾಕಿ."

ಅವರು ಟಾರ್ಚ್ ಕಚ್ಚಿಕೊಂಡು ಕೆಳಗೆ ಹೋದರು. ಸಿಪಿಯು ಗೋಡೆಗೆ ಒತ್ತಿದ್ದರಿಂದ ತಲೆ ತೂರುತ್ತಿರಲಿಲ್ಲ, ಕೈ ಮಾತ್ರ ಹೋಗುತ್ತಿತ್ತು. ಪ್ಲಗ್ಗು ಕಿತ್ತದ್ದು ಕೇಳಿಸಿತು. ಆಮೇಲೆ ಲೋಹಕ್ಕೆ ಲೋಹ ತಾಗುವ ಸಣ್ಣ ಸದ್ದು. ಒಂದು ಸಲ. ತಿರುಗಿಸಿ ಇನ್ನೊಂದು ಸಲ. ಮತ್ತೆ ತಿರುಗಿಸಿ ಮತ್ತೊಂದು ಸಲ. ಲ್ಯಾಬಿನಲ್ಲಿ ಬೇರೆ ಸದ್ದಿರಲಿಲ್ಲ. ರೂಬಿಯ ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಲೇ ಇತ್ತು. ಅವಳು ಪ್ರಶ್ನೆಯನ್ನು ಓದಿ ಉತ್ತರ ಗೊತ್ತಿದ್ದೂ ಒತ್ತಲಾಗದೆ ಗಡಿಯಾರ ನೋಡುತ್ತಿದ್ದಳು.

"ಸರ್, ಟೈಮ್ ಹೋಗ್ತಾ ಇದೆ" ಎಂದಳು ಮೆಲ್ಲಗೆ.

"ಬೇಗ ರೀ!" ಎಂದ ಮೇಲ್ವಿಚಾರಕ.

ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಬಗ್ಗಿ ಅವರ ಕೈಯಿಂದ ಪ್ಲಗ್ಗು ತೆಗೆದುಕೊಂಡಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಹಾಗೆ ಮಾಡಿದರೆ ಅವರು ಮುಚ್ಚಿಟ್ಟದ್ದು ಎಲ್ಲರಿಗೂ ಗೊತ್ತಾಗುತ್ತದೆ ಅನಿಸಿತು. ಇನ್ನೇನು ಹೋಗುತ್ತದೆ, ಮುಂದಿನ ಸಲ ಹೋಗುತ್ತದೆ ಎಂದು ಕಾದೆ. ಅವರ ಬೆನ್ನಿನ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಆಮೇಲೆ ಅವರು ಜೋರಾಗಿ ಒತ್ತಿರಬೇಕು. ಟಕ್ ಎಂದಿತು. ರೂಬಿಯ ಪರದೆ ಕಪ್ಪಾಯಿತು.

ತೂತಿನೊಳಗಿನ ಪ್ಲಾಸ್ಟಿಕ್ ಪಟ್ಟಿ ಮುರಿದು, ಶಾರ್ಟ್ ಆಗಿ ಸಿಸ್ಟಮ್ಮೇ ಆರಿಹೋಗಿತ್ತು. ಅವಳನ್ನು ಮೂವತ್ತೊಂಬತ್ತನೇ ಸೀಟಿಗೆ ಕೂರಿಸಿದರು. ಸಿಸ್ಟಮ್ ಆರಿಹೋದ ಮೇಲಿನ ಸಮಯ ವಾಪಸ್ ಸಿಕ್ಕಿತು. ಅದಕ್ಕೆ ಮುಂಚೆ ಓಡಿದ ಏಳು ನಿಮಿಷ ಸಿಗಲಿಲ್ಲ. ನಾನು ಮೇಲ್ವಿಚಾರಕನನ್ನು ಬೇಡಿಕೊಂಡೆ. "ಮೇಡಂ, ಟೈಮ್ ನಮ್ಮ ಕೈಲಿಲ್ಲ, ಸರ್ವರ್ ಲೆಕ್ಕ ಅದು" ಎಂದ. ಅವನು ಸುಳ್ಳು ಹೇಳಲಿಲ್ಲ. ನಿಜವಾಗಿಯೂ ಅಲ್ಲಿದ್ದ ಯಾರ ಕೈಯಲ್ಲೂ ಅದು ಇರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಗೇಟಿನ ಹತ್ತಿರ ರೂಬಿ ಅಮ್ಮನ ಮುಂದೆ ಅಳುತ್ತಾ ನಿಂತಿದ್ದಳು. ಕೊನೆಯ ಒಂಬತ್ತು ಪ್ರಶ್ನೆ ಮುಟ್ಟಿಯೇ ಇರಲಿಲ್ಲವಂತೆ. ವೀರಬಸಪ್ಪನವರು ನೇರವಾಗಿ ಅವರ ಬಳಿ ಹೋದರು. ನಾನು ತಡೆಯಲು ಹೋಗಿ ತಡವಾಯಿತು.

"ತಪ್ಪು ನಂದ ಐತ್ರಿ ಅಮ್ಮಾರ. ವೈರ್ ಹಾಕಾಕ ಆಗಲಿಲ್ಲ ನನಗ."

ಮಲ್ಕಾ, ಆ ಹುಡುಗಿಯ ತಾಯಿ, ಅವರನ್ನು ಮೇಲಿಂದ ಕೆಳಗೆ ನೋಡಿದರು. "ಒಂದು ವೈರ್ ಹಾಕಕ್ಕೆ ಬರಲ್ವಾ ನಿಮಗೆ? ಒಂದು ವರ್ಷದಿಂದ ಓದವ್ಳೆ ನನ್ ಮಗಳು. ಮನೇಲಿ ಟಿವಿ ಹಾಕಿಲ್ಲ ನಾವು. ಬರಲ್ಲ ಅಂದ್ರೆ ಯಾಕ್ರೀ ಮುಟ್ಟಿದ್ರಿ?"

ವೀರಬಸಪ್ಪನವರು ಕೈಯನ್ನು ಮುಂದೆ ಚಾಚಿದರು. ಸುಟ್ಟ ಕಲೆಗಳಿದ್ದ ಬೆರಳುಗಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡರು. ತಾಯಿ ಮಗಳು ಆಟೋ ಹತ್ತಿ ಹೋದರು.

ಮಾರನೇ ದಿನ ಪ್ರಿನ್ಸಿಪಾಲರ ಮುಂದೆ ಅವರೇ ಎಲ್ಲ ಒಪ್ಪಿಕೊಂಡರು. ನನಗೆ ಮೊದಲೇ ಗೊತ್ತಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ನಾನೂ ಹೇಳಲಿಲ್ಲ. ಪ್ರಿನ್ಸಿಪಾಲರು ಕೆಟ್ಟವರಲ್ಲ. "ಮೊದ್ಲೇ ಹೇಳಿದ್ರೆ ಬೇರೆ ಕೆಲ್ಸ ಕೊಡ್ತಿದ್ವಲ್ಲ" ಎಂದು ಉಳಿದ ತಿಂಗಳುಗಳಿಗೆ ಅವರನ್ನು ಗ್ರಂಥಾಲಯದ ಬಾಗಿಲಿಗೆ ಹಾಕಿದರು. ಅಲ್ಲಿ ಕೂತು ಐಡಿ ಕಾರ್ಡ್ ನೋಡುವುದಷ್ಟೇ ಕೆಲಸ. ಲ್ಯಾಬಿಗೆ ಹೊಸಬ ಬಂದ. ವೀರಬಸಪ್ಪನವರು ಒಂದು ದಿನವೂ ಲ್ಯಾಬಿನ ಕಡೆ ಬರಲಿಲ್ಲ.

ಜೂನ್‌ನಲ್ಲಿ ಒಂದು ಮಧ್ಯಾಹ್ನ ನಾನೇ ಗ್ರಂಥಾಲಯಕ್ಕೆ ಹೋದೆ. ಅವರ ಅಂಗಿಯ ಗುಂಡಿಗಳಿದ್ದ ಜಾಗದಲ್ಲಿ ಪಾರವ್ವ ಒತ್ತಿದರೆ ಅಂಟುವ ಪಟ್ಟಿ ಹೊಲಿದುಕೊಟ್ಟಿದ್ದರು. ಅವರ ಬೆರಳಿಗೆ ಈಗ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಅವರು ಜೇಬಿನಿಂದ ಒಂದು ಚೀಟಿ ತೆಗೆದರು. ರೂಬಿಯ ಹಾಲ್ ಟಿಕೆಟ್ ನಂಬರು. ಆ ದಿನ ಮೇಜಿನ ಮೇಲೆ ಅಂಟಿಸಿದ್ದುದನ್ನು ಬರೆದಿಟ್ಟುಕೊಂಡಿದ್ದರು.

"ರಿಸಲ್ಟ್ ಬಂದೈತಂತ್ರಿ. ಒಂದೀಟು ನೋಡ್ರಿ ಮೇಡಮ್ಮಾರ."

ನನ್ನ ಮೊಬೈಲಿನಲ್ಲಿ ನಂಬರು ಹಾಕಿದೆ. ಕೆಳಗೆ ಇನ್ನೊಂದು ಖಾನೆ ಖಾಲಿ ಇತ್ತು.

"ಹುಟ್ಟಿದ ತಾರೀಖು ಕೇಳ್ತಿದೆ."

"ನಮಗ ಹೆಂಗ ಗೊತ್ತಾಗಬೇಕ್ರಿ ಅದು?"

"ಅದಿಲ್ದೆ ತೋರ್ಸಲ್ಲ."

ಎರಡು ಭಾನುವಾರ ಆರ್.ಟಿ. ನಗರಕ್ಕೆ ಬಸ್ಸಿನಲ್ಲಿ ಹೋಗಿ ಅಡ್ಡರಸ್ತೆಗಳಲ್ಲಿ ಸುತ್ತಾಡಿ ಬಂದಿದ್ದಾಗಿ ಅವರು ಆಗ ಹೇಳಿದರು. ಯಾರನ್ನು ಏನೆಂದು ಕೇಳುವುದು? ಒಂದು ಓಣಿಯಲ್ಲೇ ನಾಲ್ಕು ಜನ ರೂಬಿಯರಿದ್ದರಂತೆ.

ನಾನು ನನ್ನ ಲೆಕ್ಕದಲ್ಲಿ ಅವಳ ವಯಸ್ಸು ಹದಿನೆಂಟು ಎಂದಿಟ್ಟುಕೊಂಡು ಒಂದು ತಾರೀಖು ಹಾಕಿ ನೋಡಿದೆ. ತಪ್ಪು ಎಂದಿತು. ಇನ್ನೊಂದು ಹಾಕಿದೆ. ಅದೂ ತಪ್ಪು. ಮೂರನೆಯದಕ್ಕೆ ಪುಟವೇ ಮುಚ್ಚಿಕೊಂಡಿತು. ವೀರಬಸಪ್ಪನವರು ಚೀಟಿಯನ್ನು ಮಡಿಸಲು ಹೋದರು. ಅದು ಬೆರಳಿನಿಂದ ಜಾರಿ ಎರಡು ಸಲ ಕೆಳಗೆ ಬಿತ್ತು. ಎತ್ತಿಕೊಟ್ಟೆ. ಅಷ್ಟರಲ್ಲಿ ಮೂರು ಹುಡುಗಿಯರು ಬಂದು ಬಾಗಿಲಲ್ಲಿ ನಿಂತು, "ಅಂಕಲ್, ಐಡಿ" ಎಂದು ಕಾರ್ಡು ಚಾಚಿದರು. ಅವರು ಒಂದೊಂದನ್ನೇ ನೋಡಿ ಒಳಗೆ ಬಿಟ್ಟರು.