ಹೆಂಗಸರ ಜಿಮ್ಮಿನಲ್ಲಿ ನಾನು ಹಾಕಿದ ಸಹಿ

ಟಕ್… ಟಕ್… ಟಕ್.

ಉಪ್ಪಳದ ಆ ಜಿಮ್ಮಿನ ಕೆಳಮಹಡಿಯಲ್ಲಿದ್ದ ಟ್ರೆಡ್‌ಮಿಲ್ಲಿನ ಸದ್ದು ಅದು. ಬೆಲ್ಟಿನ ಎರಡು ತುದಿಗಳನ್ನು ಸೇರಿಸಿದ ಜಾಗ ಕೊಂಚ ಉಬ್ಬಿತ್ತು. ಪ್ರತಿ ಸುತ್ತಿಗೂ ಅದು ರೋಲರಿನ ಮೇಲೆ ಹಾಯುವಾಗ ಒಂದು ಟಕ್. ಬೇರೆ ಯಾರಾದರೂ ಆಗಿದ್ದರೆ ರಿಪೇರಿ ಮಾಡಿಸಿ ಎಂದು ಗಲಾಟೆ ಮಾಡುತ್ತಿದ್ದರು. ನನ್ನ ಪಕ್ಕದ ಮನೆಯ ಉಮ್ಮ ಮಾತ್ರ ಅದನ್ನೇ ಜಪಕ್ಕೆ ಹಿಡಿದುಕೊಂಡರು. ಒಂದು ಟಕ್ಕಿಗೆ ಒಂದು ಸುಬ್‌ಹಾನಲ್ಲಾಹ್. ಜಪಸರದ ಲೆಕ್ಕದಂತೆ ಮೂವತ್ತಮೂರು ಮುಗಿದರೆ ಕೆಂಪು ಬಟನ್ ಒತ್ತಿ, ಇಳಿದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಏದುಸಿರು ಬಿಡುತ್ತಾ, "ಇವತ್ತಿನ ಒಂದು ಕಂತು ಆಯ್ತು ಟೀಚರೇ" ಎನ್ನುತ್ತಿದ್ದರು.

ಓಣಿಯವರೆಲ್ಲ ಅವರನ್ನು ಉಮ್ಮ, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದುದು. ನನಗಿಂತ ಎರಡು ವರ್ಷ ಚಿಕ್ಕವರಾದರೂ ನನಗೂ ಅವರು ಉಮ್ಮನೇ. ನಾನು ಅವರಿಗೆ ಟೀಚರ್. ಇಪ್ಪತ್ತಾರು ವರ್ಷ ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಮೋಟುಗೋಡೆ. ಮೀನು ಬೇಯಿಸಿದ ದಿನ ಮಾತ್ರ ಅವರು ಆ ಗೋಡೆಯ ಮೇಲಿಂದ ಏನನ್ನೂ ದಾಟಿಸುತ್ತಿರಲಿಲ್ಲ. ಉಳಿದ ದಿನ ಎಲ್ಲವೂ ದಾಟುತ್ತಿತ್ತು.

ಬಚ್ಚಲಲ್ಲಿ ಜಾರಿ ಬಿದ್ದು ಅವರ ಸೊಂಟದ ಆಪರೇಷನ್ ಆಯಿತು. ಅದೇ ಹೊತ್ತಿಗೆ ಶಾರ್ಜಾದಲ್ಲಿದ್ದ ಮಗಳು ಅವರನ್ನು ಉಮ್ರಾ ಯಾತ್ರೆಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯ ಮಾಡಿದ್ದಳು. ಇನ್ನೂ ಆರು ತಿಂಗಳು ಇತ್ತು. ಮಕ್ಕಾದಲ್ಲಿ ಕಾಬಾಕ್ಕೆ ಸುತ್ತು ಬರಲು ಗಾಲಿಕುರ್ಚಿ ಸಿಗುತ್ತದೆ, ತಳ್ಳುವವರೂ ಸಿಗುತ್ತಾರೆ, ಚಿಂತೆ ಬೇಡ ಎಂದು ಮಗಳು ಫೋನಿನಲ್ಲಿ ಹೇಳಿದರೆ ಉಮ್ಮನಿಗೆ ಸಿಟ್ಟು.

"ಕುರ್ಚಿಯಲ್ಲಿ ಸುತ್ತುವವರು ಸುತ್ತಲಿ ಮಾರಾಯ್ತಿ. ಕಾಲು ಕೊಟ್ಟವನ ಮನೆಗೆ ನಾನು ಕಾಲಲ್ಲೇ ಏಳು ಸುತ್ತು ಬರ್ತೇನೆ."

ಮಂಗಳೂರಿನ ಡಾಕ್ಟರು ಆಗದ ಮಾತೇನಲ್ಲ ಎಂದಿದ್ದರು. ಆದರೆ ತಿಳಿದವರ ಕೈಯಲ್ಲಿ, ದಿನ ತಪ್ಪದೆ, ಕಾಲಿಗೆ ಎಕ್ಸರ್‌ಸೈಜ್ ಆಗಬೇಕು. ಆ ವಾರವೇ ಪೇಪರಿನೊಳಗೆ ಆ ಜಿಮ್ಮಿನ ಒಂದು ನೋಟೀಸು ಬಂತು. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಮಹಿಳೆಯರಿಗೆ ಹತ್ತರಿಂದ ಹನ್ನೆರಡರ ತನಕ ಪ್ರತ್ಯೇಕ ಸಮಯ, ಪ್ರತ್ಯೇಕ ಬಾಗಿಲು, ಮಹಿಳಾ ಟ್ರೈನರ್, ವಾರದಲ್ಲಿ ಮೂರು ದಿನ ಫಿಸಿಯೋಥೆರಪಿಸ್ಟ್ ಮೇಡಂ. ಉಮ್ಮ ಅದನ್ನು ಗೋಡೆಯ ಮೇಲಿಂದ ಬಾವುಟದಂತೆ ಆಡಿಸಿದರು.

ಅವರೊಬ್ಬರೇ ಹೋಗುವ ಹಾಗಿಲ್ಲ. ನಮ್ಮ ಕಡೆ ಹೆಂಗಸರು ಇಂಥಲ್ಲಿಗೆ ಹೋಗುವುದಾದರೆ ಗುಂಪಾಗಿಯೇ ಹೋಗಬೇಕು, ಗುಂಪಿಗೊಬ್ಬಳು ಹಿರಿಯಳು ಬೇಕು. ಓಣಿಯಿಂದ ಹನ್ನೊಂದು ಮಂದಿ ಹೊರಟೆವು. ಹಿರಿಯಳು ನಾನು. ಮೊಣಕಾಲು ನೋವು ಎಂಬ ನೆಪ ನನಗೂ ಇತ್ತು.

ಜಿಮ್ಮಿನ ಮಾಲೀಕ ನನ್ನ ಹಳೆಯ ಸ್ಟೂಡೆಂಟ್. ಎಂಟನೆಯ ಕ್ಲಾಸಿನಲ್ಲಿ ನನ್ನಿಂದ ಇಂಗ್ಲಿಷ್ ಗ್ರಾಮರ್ ಕಲಿತವನು, ದುಬೈಯಲ್ಲಿ ಹತ್ತು ವರ್ಷ ಇದ್ದು ಬಂದವನು. ನನ್ನನ್ನು ನೋಡಿದ್ದೇ ಎದ್ದು ನಿಂತ. ನನಗೆ ಅಷ್ಟು ಸಾಕಾಯಿತು. ಆಮೇಲೆ ಒಂದು ಫಾರ್ಮ್ ಮುಂದಿಟ್ಟ. ಎರಡು ಪುಟ, ಪೂರ್ತಿ ಮಲಯಾಳದಲ್ಲಿ.

"ಟೀಚರ್ ಓದಿ ನೋಡ್ಲಿ. ಅವರು ಸರಿ ಅಂದ್ರೆ ಸರಿ" ಎಂದರು ಹೆಂಗಸರು.

ಈಗ ಬರೆಯಲೇಬೇಕು. ನನಗೆ ಮಲಯಾಳ ಓದಲು ಬರುವುದಿಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತೆ, ಇಲ್ಲಿ ಕೇರಳದ ಗಡಿಯೊಳಗೆ ಕನ್ನಡ ಮೀಡಿಯಂ ಶಾಲೆಯಲ್ಲಿ ಕಲಿಸಿದೆ. ಆಫೀಸಿನ ಕಾಗದಗಳನ್ನು ಕನ್ನಡದಲ್ಲಿ ಕೇಳಿ ಪಡೆಯುವುದು ನಮ್ಮ ಹಕ್ಕು ಎಂದು ಜಗಳ ಮಾಡಿಯೇ ಸರ್ವಿಸ್ ಮುಗಿಸಿದೆ. ಮೀನು ಮಾರ್ಕೆಟಿನ ಹತ್ತಿರ ಬಸ್ಸು ಕೇಳುವಷ್ಟು ಮಾತಾಡಬಲ್ಲೆ, ಅಷ್ಟೇ. ಆ ದಿನವೂ ಕನ್ನಡದಲ್ಲಿ ಕೊಡಪ್ಪಾ ಎಂದಿದ್ದರೆ ಆಗುತ್ತಿತ್ತು. ಆದರೆ ಎದುರಿಗೆ ಹಳೆಯ ಸ್ಟೂಡೆಂಟ್, ಹಿಂದೆ ಹತ್ತು ಹೆಂಗಸರು. ಕನ್ನಡಕ ಹಾಕಿಕೊಂಡೆ. ಆ ಗುಂಡು ಗುಂಡು ಅಕ್ಷರಗಳ ಮೇಲೆ ಮೇಲಿನಿಂದ ಕೆಳಗೆ ಕಣ್ಣು ಓಡಿಸಿದೆ, ಪುಟ ತಿರುಗಿಸಿದೆ, ತಲೆಯನ್ನೂ ಆಡಿಸಿದೆ. "ಸ್ಟಾಂಡರ್ಡ್ ಫಾರ್ಮ್. ಎಲ್ಲ ಸರಿ ಉಂಟು" ಎಂದು ಮೊದಲ ಸಹಿ ಹಾಕಿದೆ. ನನ್ನ ಸಹಿಯ ಕೆಳಗೆ ಉಮ್ಮನದು.

ಎರಡು ವಾರ ಎಲ್ಲ ಚೆನ್ನಾಗಿತ್ತು. ಟ್ರೈನರ್ ಹುಡುಗಿ ಹೊಸಂಗಡಿಯಿಂದ ಬರುತ್ತಿದ್ದಳು. ಉಮ್ಮ ಪರ್ದಾ ತೆಗೆದು ಮೊಳೆಗೆ ನೇತುಹಾಕಿ, ತಲೆಗೆ ಬಟ್ಟೆ ಬಿಗಿದು, ಟಕ್ ಟಕ್ ನಡೆಯುತ್ತಿದ್ದರು. ಮೂವತ್ತಮೂರು ಅರವತ್ತಾರಾಯಿತು. ತೊಂಬತ್ತೊಂಬತ್ತು ತಲುಪಿದ ದಿನ ಎಲ್ಲರಿಗೂ ಖರ್ಜೂರ ಹಂಚಿದರು.

ಮೂರನೆಯ ವಾರ ಆ ಹುಡುಗಿ ಬರಲಿಲ್ಲ. ಬಿಟ್ಟು ಹೋದಳಂತೆ. ಫಿಸಿಯೋ ಮೇಡಂ ಬರುವುದು ಮುಂದಿನ ಸೋಮವಾರ ಎಂದ ಮಾಲೀಕ. ಪ್ರತಿ ಸೋಮವಾರವೂ ಮುಂದಿನ ಸೋಮವಾರ. ಒಂದು ದಿನ ಹನ್ನೊಂದು ಗಂಟೆಗೆ ಗಂಡಸೊಬ್ಬ ನಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ಉಮ್ಮ ಓಡುವ ಬೆಲ್ಟಿನ ಮೇಲಿದ್ದರು. ಪರ್ದಾ ದೂರದ ಮೊಳೆಯಲ್ಲಿ. ಎರಡು ಕೈಯಿಂದ ಮುಖ ಮುಚ್ಚಿದರು, ಹಿಡಿ ಬಿಟ್ಟುಹೋಯಿತು. ನಾವು ಹಿಡಿಯದಿದ್ದರೆ ಬಿದ್ದೇ ಬಿಡುತ್ತಿದ್ದರು. ಹನ್ನೊಂದರಲ್ಲಿ ಏಳು ಮಂದಿ ಮರುದಿನದಿಂದ ಬರಲಿಲ್ಲ. ಉಮ್ಮ ಬಂದರು. ಆ ತಿಂಗಳ ಕೊನೆಗೆ ನೋಡಿದರೆ ಟ್ರೆಡ್‌ಮಿಲ್ಲೇ ಇಲ್ಲ. ಇದ್ದ ಜಾಗದಲ್ಲಿ ಟೈಲ್ಸಿನ ಮೇಲೆ ನಾಲ್ಕು ಕಪ್ಪು ಗುರುತು. ಮೇಲಿನ ಮಹಡಿಯಿಂದ, ಗಂಡಸರ ಸೆಕ್ಷನ್ನಿನಿಂದ, ಅದೇ ಸದ್ದು ಕೇಳಿಸಿತು. ಟಕ್ ಟಕ್ ಟಕ್ ಟಕ್. ಯಾರೋ ಅದರ ಮೇಲೆ ಓಡುತ್ತಿದ್ದರು. ಉಮ್ಮ ಸೀಲಿಂಗಿನ ಕಡೆ ಮುಖವೆತ್ತಿ ನಿಂತರು. "ಅಷ್ಟು ಬೇಗ ಜಪ ಮಾಡ್ಲಿಕ್ಕೆ ನನಗೆ ಆಗ್ಲಿಕ್ಕಿಲ್ಲ" ಎಂದರು. ನಗಲು ನೋಡಿದರು.

ಮಾಲೀಕನಲ್ಲಿಗೆ ಇಬ್ಬರೂ ಹೋದೆವು. ಅವನು ಮಾತಿನಲ್ಲಿ ಮರ್ಯಾದೆಗೆ ಕಡಿಮೆ ಮಾಡಲಿಲ್ಲ. ಡ್ರಾಯರಿನಿಂದ ಫಾರ್ಮ್ ತೆಗೆದು ನನ್ನ ಮುಂದಿಟ್ಟ.

"ನೀವೇ ಓದಿ ಸಹಿ ಹಾಕಿದ್ದಲ್ವಾ ಟೀಚರ್? ಒಂಬತ್ತನೆಯ ಕಂಡೀಷನ್ ನೋಡಿ."

ನಾನು ಕಾಗದವನ್ನು ನೋಡುತ್ತಾ ಕುಳಿತೆ. ಅದರಲ್ಲಿ ಒಂಬತ್ತು ಎಂಬ ಅಂಕಿ ಮಾತ್ರ ನನಗೆ ಗೊತ್ತಿತ್ತು. ಆಗ ಉಮ್ಮ ಅದನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದುಕೊಂಡರು. ಒಂದೊಂದೇ ಅಕ್ಷರ ಕೂಡಿಸಿ ಓದಿದರು, ಓದಿದ್ದನ್ನು ಕನ್ನಡದಲ್ಲಿ ಹೇಳಿದರು. ಟ್ರೈನರ್, ಫಿಸಿಯೋ ಸಿಕ್ಕಿದರೆ ಮಾತ್ರ. ಸಮಯವನ್ನೂ ಯಂತ್ರಗಳನ್ನೂ ಮ್ಯಾನೇಜ್‌ಮೆಂಟ್ ಬೇಕಾದ ಹಾಗೆ ಬದಲಿಸಬಹುದು. ಕಟ್ಟಿದ ಫೀಸು ವಾಪಸ್ ಇಲ್ಲ.

ಹೊರಗೆ ಬಂದ ಮೇಲೆ ಕೇಳಿದೆ, "ನಿಮಗೆ ಮಲಯಾಳ ಓದ್ಲಿಕ್ಕೆ ಬರ್ತದಾ ಉಮ್ಮ?"

"ನಾಲ್ಕನೇ ಕ್ಲಾಸಿನವರೆಗೆ ಕಲ್ತಿದ್ದೇನೆ."

"ಮತ್ತೆ ಆ ದಿನ ಯಾಕೆ ಓದ್ಲಿಲ್ಲ?"

"ನೀವು ಓದಿದ್ರಲ್ಲ ಟೀಚರೇ. ಮತ್ತೆ ನಾನು ಓದಿದ್ರೆ ನಿಮಗೆ ಎಂತ ಅನಿಸ್ತಿತ್ತು?"

ಒಂದು ಬೈಗುಳವಾದರೂ ಬರುತ್ತದೆಂದು ಮನೆಯವರೆಗೆ ಕಾದೆ. ಬರಲಿಲ್ಲ.

ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಬರೆದವಳು ನಾನೇ. ಲಾಯರ್ ಬೇಕೆಂದಿಲ್ಲ, ಸ್ವತಃ ಹೋಗಬಹುದು ಎಂದು ವಿಚಾರಿಸಿ ತಿಳಿದಿದ್ದೆ. ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷಿನಲ್ಲಿ, ಮೋಸ್ಟ್ ಹಂಬ್ಲಿ ಆಂಡ್ ರೆಸ್ಪೆಕ್ಟ್‌ಫುಲ್ಲಿ ಎಂದು ಶುರು ಮಾಡಿ ನಾಲ್ಕು ಪುಟ ಬರೆದೆ. ಅರ್ಥ ಹೇಳಿದಾಗ ಉಮ್ಮ, "ಇಷ್ಟು ಮರ್ಯಾದೆ ಕೊಟ್ರೆ ಅವ ನಮ್ಮ ಮೇಲೆಯೇ ಕೇಸು ಹಾಕ್ತಾನೆ" ಎಂದರು. ಒಂದು ಪುಟಕ್ಕೆ ಇಳಿಸಿದೆ. ಸಾಕ್ಷಿಗೆ ಜಿಮ್ಮಿನ ಆ ನೋಟೀಸು ಬೇಕಿತ್ತು. ನಾನು ನನ್ನದನ್ನು ಹಳೇ ಪೇಪರಿನವನಿಗೆ ಕೊಟ್ಟಾಗಿತ್ತು. ಉಮ್ಮ ಅಡುಗೆಮನೆಯ ಶೆಲ್ಫಿನಲ್ಲಿ ಉಪ್ಪಿನಕಾಯಿ ಭರಣಿಯ ಅಡಿಗೆ ಹಾಸಿದ್ದರು. ಫಿಸಿಯೋಥೆರಪಿಸ್ಟ್ ಎಂಬ ಪದದ ಸುತ್ತ ಎಣ್ಣೆಯ ಒಂದು ಉಂಗುರ. ಹಾಗೆಯೇ ಲಗತ್ತಿಸಿದೆವು.

ಜೊತೆಗೆ ಸಹಿ ಹಾಕುತ್ತೇವೆ ಎಂದ ಇಬ್ಬರು ಹೆಂಗಸರು, ಮಾಲೀಕನ ಅಮ್ಮ ಅವರ ಮನೆಗೆ ಹೋಗಿ ಕುಳಿತು ಚಾ ಕುಡಿದು ಬಂದ ಮೇಲೆ ಹಿಂದೆ ಸರಿದರು. ಅವರನ್ನು ದೂರಲಾರೆ. ಕೊನೆಗೆ ಉಳಿದದ್ದು ನಾವಿಬ್ಬರೇ. ಅವನ ಲಾಯರು ಎರಡು ಸಲ ಮುಂದಿನ ತಾರೀಕು ಕೇಳಿದರು. ಪ್ರತಿ ತಾರೀಕಿಗೂ ಉಮ್ಮನ ಆರು ತಿಂಗಳಲ್ಲಿ ಒಂದೊಂದು ತುಂಡು ಹೋಯಿತು. ಮನೆಯ ಜಗಲಿಯಲ್ಲಿ ನಡೆಯಲು ನೋಡಿದರು, ನಾನು ಕೈ ಹಿಡಿದೆ. ಆದರೆ ಎಲ್ಲಿಗೆ ಎಷ್ಟು ಭಾರ ಕೊಡಬೇಕೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಒಂದು ವಾರ ನಡೆದರೆ ಮುಂದಿನ ವಾರ ನೋವಿನಲ್ಲಿ ಮಲಗುತ್ತಿದ್ದರು.

ವಿಚಾರಣೆಯ ದಿನ ಕಾಸರಗೋಡಿನ ಆ ಹಾಲಿನಲ್ಲಿ, ಫಾರ್ಮ್ ಓದಿ ಸಹಿ ಹಾಕಿದ್ದೀರಾ ಎಂದು ಆಯೋಗದವರು ನನ್ನನ್ನು ಕೇಳಿದರು. ಹಳೆಯ ಸ್ಟೂಡೆಂಟ್ ನನ್ನ ಬಲಕ್ಕೆ ಕುಳಿತಿದ್ದ. "ಐ ಕೆನಾಟ್ ರೀಡ್ ಮಲಯಾಳಂ. ಓದಿದ ಹಾಗೆ ಮಾಡಿದೆ" ಎಂದೆ. ಅವನು ತಲೆ ತಗ್ಗಿಸಿದ. ನನಗೆ ಅದನ್ನು ನೋಡಿ ಖುಷಿಯಾಗಬೇಕಿತ್ತು. ಆಗಲಿಲ್ಲ. ನಿಮಗೆ ಏನು ಪರಿಹಾರ ಬೇಕೆಂದು ಉಮ್ಮನನ್ನು ಕೇಳಿದಾಗ, "ಹೋದ ದಿನಗಳನ್ನು ಕೊಡ್ಲಿಕ್ಕೆ ಆಗ್ತದಾ?" ಎಂದರು.

ಆದೇಶ ಬರುವ ಮೊದಲೇ ಅವರು ಹೊರಟುಹೋದರು. ಮಕ್ಕಾದಿಂದ ಫೋನು ಬಂತು. "ಒಂದು ಸುತ್ತು ನಡೆದೆ ಟೀಚರೇ, ನಿಂತು ನಿಂತು. ಉಳಿದ ಆರು ಕುರ್ಚಿಯಲ್ಲಿ." ಮತ್ತೆ, "ಬೇಜಾರು ಮಾಡಬೇಡಿ, ನಿಮ್ಮ ಮೊಣಕಾಲಿಗೂ ದುಆ ಮಾಡಿದ್ದೇನೆ" ಎಂದರು. ಅಲ್ಲಿಂದ ಮಗಳ ಮನೆಗೆ ಶಾರ್ಜಾಕ್ಕೆ ಹೋದವರು ಮರಳಲಿಲ್ಲ. ಜ್ವರ ಬಂದು ಅಲ್ಲೇ ತೀರಿಕೊಂಡರು, ಅಲ್ಲೇ ಮಣ್ಣಾದರು. ಆಯೋಗದ ಆದೇಶ ಆಮೇಲೆ ಬಂತು. ನೋಟೀಸಿನಲ್ಲಿ ಕೊಟ್ಟ ಮಾತು ಮಾತೇ, ಒಂಬತ್ತನೆಯ ಕಂಡೀಷನ್ ಅನ್‌ಫೇರ್, ನಡೆದದ್ದು ಡೆಫಿಷಿಯೆನ್ಸಿ ಇನ್ ಸರ್ವಿಸ್ ಎಂದಿತ್ತು. ಈ ಸಲ ಒಂದಕ್ಷರ ಬಿಡದೆ ಓದಿದೆ. ಗೆದ್ದೆವು ಎಂದು ಹೇಳಲು ಗೋಡೆಯ ಆಚೆ ಯಾರೂ ಇರಲಿಲ್ಲ.

ಅವರನ್ನು ಕೊನೆಯ ಸಲ ನೋಡಿದ್ದು ಹೊರಡುವ ದಿನದ ಬೆಳಿಗ್ಗೆ. ಓಣಿಯಲ್ಲಿ ಪೈಪಿನ ಕೆಲಸ ನಡೆದಿತ್ತು, ಕಾರು ರಸ್ತೆಯ ತುದಿಯಲ್ಲೇ ನಿಂತಿತ್ತು. ಡಿಕ್ಕಿಯಲ್ಲಿ ಮಡಚಿದ ಗಾಲಿಕುರ್ಚಿ. ಕರೆದೊಯ್ಯಲು ಬಂದ ಅಳಿಯ ಕೈ ನೀಡಿದರೆ ಉಮ್ಮ ಬೇಡವೆಂದರು. ಬೆರಳಿಗೆ ಉಂಗುರದಂತೆ ಹಾಕುವ ಜಪದ ಕೌಂಟರ್ ಒಂದನ್ನು ಮಗಳು ಕಳಿಸಿದ್ದಳು. ಬೆಲ್ಟಿನ ಒಂದು ಸುತ್ತಿನ ಲೆಕ್ಕಕ್ಕೆ ಎಂಟು ಹೆಜ್ಜೆಗೊಮ್ಮೆ ಅದನ್ನು ಒತ್ತುತ್ತಾ ಬಂದರು, ನಾನು ಪಕ್ಕದಲ್ಲಿ. ಕಾರಿನ ಬಳಿ ಬೆರಳನ್ನು ನನ್ನ ಕಣ್ಣಿನ ಹತ್ತಿರ ಹಿಡಿದರು. ಇಪ್ಪತ್ತೊಂಬತ್ತು.

"ನಾಲ್ಕು ಬಾಕಿ ಉಂಟು" ಎಂದು, ತೆರೆದ ಬಾಗಿಲನ್ನು ದಾಟಿ ರಸ್ತೆಯ ಅಂಚಿನಲ್ಲಿ ಮುಂದಕ್ಕೆ ನಡೆದರು. ನಾಲ್ಕು ಸಲ ಒತ್ತಿದ ಮೇಲೆ ನಿಂತರು. ಅಲ್ಲಿಂದ ತಿರುಗಿ ಬರಲು ಕಾಲು ಏಳಲಿಲ್ಲ. ಒಂದು ಕೈಯಿಂದ ಕರೆಂಟು ಕಂಬವನ್ನು ಹಿಡಿದುಕೊಂಡರು. ಅಳಿಯ ಡಿಕ್ಕಿ ತೆರೆದು ಕುರ್ಚಿಯನ್ನು ಇಳಿಸಿದ.