ತಂಬೂರ ಕೆರೆಯ ಹಾಯಿಕಂಬ

ಎಣ್ಣೆ ಕಾಣದ ಗಡಗಡಿ ಕಿರ್ರೆಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬಾವಿಯ ಅಂಥದೇ ಒಂದು ಹಳೆಯ ಗಡಗಡಿಯಿಂದ ನಮ್ಮ ಶಿವಪ್ಪ ಕಾಕಾ ತಂಬೂರ ಕೆರೆಯ ದಂಡೆಯಲ್ಲಿ ತನ್ನ ಪುಟ್ಟ ದೋಣಿಯ ಹಾಯಿಕಂಬ ಎಬ್ಬಿಸುತ್ತಿದ್ದ. ಅಪ್ಪನ ಕೊನೆಯ ತಮ್ಮ. ಕಾರವಾರದಲ್ಲಿ ದೋಣಿ ಕಟ್ಟುವ ಬಡಗಿಯಾಗಿದ್ದು ಊರಿಗೆ ಮರಳಿದವನು. ದೋಣಿ ನಿಲ್ಲುತ್ತಿದ್ದುದು ಜಾಲಿಗಿಡಗಳ ನೆರಳಿನಲ್ಲಿ. ಕಂಬ ಮಲಗಿಸದೆ ಅದು ಟೊಂಗೆಗಳ ಕೆಳಗೆ ನುಸುಳುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆ ಎಬ್ಬಿಸಬೇಕು, ಸಂಜೆ ಮಲಗಿಸಬೇಕು. ಅರ್ಧ ಎದ್ದ ಕಂಬ ಪಕ್ಕಕ್ಕೆ ವಾಲುತ್ತದೆ. ಆಗ ಹಗ್ಗ ಹಿಡಿಯಲು ಇನ್ನೊಬ್ಬರು ಬೇಕು.

ಮೊದಲ ದಿನ ಕಾಕಾ ಪಡಸಾಲೆಗೆ ಬಂದು ಕರೆದ. “ಅಣ್ಣಾ, ಒಂದ್ ಹಗ್ಗಾ ಹಿಡಿಬಾರೋ. ಎರಡ ನಿಮಿಷದ ಕೆಲಸ.”

ಚಹಾ ಕುಡಿಯುತ್ತಿದ್ದ ಅಪ್ಪ ಬಸಿಯನ್ನೂ ಕೆಳಗಿಡಲಿಲ್ಲ. “ಕೆರ್ಯಾಗ ಹಡಗ ಬಿಟ್ಟು ಗೋವಾಕ್ಕ ಹೊಂಟೀಯೇನಲೇ? ಹೋಗ, ಎಮ್ಮಿ ಕರ್ಕೊಂಡು ಹೋಗ, ಹಿಡೀತೈತಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಂದು ಕಂಬ ಕಾಕಾನ ಎಡಗೈ ಮೇಲೆ ಬಿತ್ತು. ಎರಡು ಬೆರಳು ಮತ್ತೆಂದೂ ಬಾಗಲಿಲ್ಲ. ಆಮೇಲೆ ಅವನು ಯಾರನ್ನೂ ಕರೆಯಲಿಲ್ಲ. ಎರಡೂ ಬಾಜು ಹಗ್ಗ ಬಿಗಿದು, ಬುಡದಲ್ಲಿ ಕವೆಗೋಲು ನಿಲ್ಲಿಸಿ, ತುದಿಯ ಹಗ್ಗವನ್ನು ಅದರ ಮೇಲಿಂದ ಗಡಗಡಿಗೆ ಹಾಯಿಸಿ, ಬಲಗೈಯಿಂದ ಎಳೆಯುತ್ತಿದ್ದ. ನಾನು ದಿನವೂ ಜಾಲಿಗಿಡದ ಕೆಳಗೆ ಕುಳಿತು ನೋಡುತ್ತಿದ್ದೆ. ಬೆವರು, ಡಾಂಬರು, ಒದ್ದೆ ಹಗ್ಗದ ವಾಸನೆ. ಹಿಡಿಯಲೇನು ಎಂದು ಒಮ್ಮೆಯೂ ಕೇಳಲಿಲ್ಲ.

ನಾನು ಕಾಲೇಜು ಸೇರಿದ ವರ್ಷ, ಒಂದು ಸಂಜೆ, ದೋಣಿಯನ್ನು ದಂಡೆಗೆ ಹಚ್ಚಿದವನೇ ಕಾಕಾ ಎದೆ ಹಿಡಿದು ಕುಳಿತ, ಏಳಲಿಲ್ಲ. ಮಣ್ಣಿಗೆ ಬಂದವರೆಲ್ಲ ಒಂದೇ ಮಾತು: “ಗಟ್ಟಿ ಮನಷ್ಯಾ ನೋಡ್ರಿ. ಒಬ್ಬರ ಹಂಗಿಲ್ಲದ ಬಾಳಿದಾ.” ಅಪ್ಪ ಕಣ್ಣೊರೆಸಿಕೊಳ್ಳುತ್ತಾ ತಲೆಯಾಡಿಸಿದ. ನೀವೂ ಇಂಥ ಹೊಗಳಿಕೆ ಕೇಳಿರುತ್ತೀರಿ. ಕೈಕೊಡದವರೇ ಅದನ್ನು ಜೋರಾಗಿ ಹೇಳುತ್ತಾರೆ.

ಐದನೆಯ ದಿನ ಅಪ್ಪ ಕೆರೆಗೆ ಹೋದ, ಹಿಂದೆ ನಾನು. ಕಂಬ ಇನ್ನೂ ನಿಂತೇ ಇತ್ತು. ಇಳಿಸುವುದು ಹೇಗೆಂದು ತಿಳಿಯದೆ ಅಪ್ಪ ಮೊಣಕಾಲುದ್ದ ನೀರಿಗಿಳಿದು ದೋಣಿಯ ಸುತ್ತ ತಿರುಗಿದ. ನಾನು ದೋಣಿ ಹತ್ತಿ, ಬಾಜುವಿನ ಹಗ್ಗಗಳನ್ನು ನೋಡಿಕೊಂಡು, ಗಡಗಡಿಯ ಗಂಟು ಬಿಚ್ಚಿದೆ.

“ಹಿಡೀಲೇನವಾ?” ಅಂದ ಅಪ್ಪ, ಎರಡೂ ಕೈ ಚಾಚಿ.

“ಬ್ಯಾಡ.”

ಮೊಳ ಮೊಳವಾಗಿ ಹಗ್ಗ ಬಿಟ್ಟೆ. ಗಡಗಡಿ ಕಿರ್ರೆಂದಿತು. ಕಂಬ ಮೆಲ್ಲಗೆ ಬಂದು ಮಲಗಿತು.

ಈಗ ಅಪ್ಪನೂ ಇಲ್ಲ, ಆ ಪಡಸಾಲೆಯೂ ಇಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ಅವನು ಚಾಚಿದ್ದ ಆ ಎರಡು ಕೈ ಮಾತ್ರ ಕಣ್ಣ ಮುಂದಿವೆ. ಎರಡು ನಿಮಿಷವೂ ಹಿಡಿದಿರಲಿಲ್ಲ ಆ ಕೆಲಸ.