ಓದಲು ಬಾರದವರ ಸಾಲು

ನಮ್ಮ ಮನೆಗೆ ವಾರಕ್ಕೆರಡು ಸಲ ಸೊಪ್ಪು ತರುತ್ತಿದ್ದ ಹೆಣ್ಣುಮಗಳು ಕಂಪ್ಲಿ ರಸ್ತೆಯ ಒಂದು ಹಳ್ಳಿಯವಳು. ಮೀಸಲು ಸೀಟಿನಲ್ಲಿ ಗೆದ್ದು ಗ್ರಾಮ ಪಂಚಾಯ್ತಿ ಸದಸ್ಯೆಯಾದ ಮೇಲೂ ಹೊಸಪೇಟೆಗೆ ಬುಟ್ಟಿ ಹೊತ್ತು ಬರುವುದನ್ನು ಬಿಡಲಿಲ್ಲ. ಒದ್ದೆ ಗೋಣಿಯ ಕೆಳಗೆ ಮೆಂತ್ಯ, ಪುಂಡಿಪಲ್ಯ. ಸೊಂಟಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಕವರಿನಲ್ಲಿ ಪಂಚಾಯ್ತಿಯ ನೋಟಿಸು.

"ಅಕ್ಕಾರ, ಇದರಾಗ ಏನೈತಿ ಓದ್ರಿ" ಎಂದು ಅವಳು ಕವರು ಚಾಚಿದಾಗ ಮೂರು ಸಲ ಓದಿ ಹೇಳಿದೆ. ನಾಲ್ಕನೇ ಸಲ, "ಎಷ್ಟು ದಿನ ನನ್ನ ಕೈಲಿ ಓದಿಸ್ತಿ? ಕಲಿ" ಎಂದೆ.

ಹಿತ್ತಲಿನ ಕಟ್ಟೆಯ ಮೇಲೆ ನಾಲ್ಕು ಗೆರೆಯ ನೋಟುಬುಕ್ಕು ಇಟ್ಟುಕೊಂಡು ಕಲಿಸಿದೆ. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಕಲಿತ ನನಗೆ ಅಕ್ಷರ ಗೆರೆ ದಾಟಿದರೆ ಸಹಿಸಲಾಗುವುದಿಲ್ಲ. ಅವಳಿಗೆ ಗೆರೆಯೇ ಲೆಕ್ಕಕ್ಕಿಲ್ಲ. ಒತ್ತಕ್ಷರ ಬಂದಾಗಲೆಲ್ಲ, "ಇದಕ್ಯಾಕ್ರೀ ಕೆಳಗೊಂದು ಮರಿ?" ಎಂದು ರೇಗುತ್ತಿದ್ದಳು. ಒಂದೂವರೆ ವರ್ಷಕ್ಕೆ ನೋಟಿಸನ್ನು ತಾನೇ ಓದತೊಡಗಿದಳು. ಒಮ್ಮೆ ಸಭೆಯಲ್ಲಿ ಸಹಿ ಹಾಕುವ ಮೊದಲು ಠರಾವನ್ನು ಓದಿ, ತನ್ನ ಓಣಿಯಲ್ಲಿ ಇಲ್ಲದ ಚರಂಡಿ ಕಾಗದದಲ್ಲಿ ಮುಗಿದುಹೋಗಿದೆ ಎಂದು ಎದ್ದು ನಿಂತಳಂತೆ. "ಎಲ್ಲಾರ ಮಾರೀನೂ ಹಾಗಲಕಾಯಿ ತಿಂದಂಗ ಆತ್ರಿ" ಎಂದು ನಗುತ್ತಾ ಹೇಳಿದಳು.

ಅಷ್ಟರಲ್ಲಿ ವಿಧಾನ ಪರಿಷತ್ತಿನ ಚುನಾವಣೆ ಬಂತು. ಪಂಚಾಯ್ತಿ ಸದಸ್ಯರಿಗೆ ಅದರಲ್ಲಿ ಮತ ಇದೆ. ಅವಳಿಗೆ ಎರಡು ಸದನಗಳ ವಿಷಯ ತಿಳಿಸಬೇಕಾಯಿತು. ಕೆಳಮನೆಗೆ ಜನರೇ ಆರಿಸಿ ಕಳಿಸುತ್ತಾರೆ. ಮೇಲ್ಮನೆಯಲ್ಲಿ ತಿಳಿದವರು ಕೂತು, ಕೆಳಮನೆಯವರು ದುಡುಕಿ ಮಾಡಿದ್ದನ್ನು ಇನ್ನೊಮ್ಮೆ ನೋಡುತ್ತಾರೆ ಎಂದು, ಶಾಲೆಯಲ್ಲಿ ಬಾಯಿಪಾಠ ಮಾಡಿದ್ದನ್ನೇ ಒಪ್ಪಿಸಿದೆ. ದಿಲ್ಲಿಯಲ್ಲೂ ಹೀಗೇ ಎರಡು ಮನೆ ಎಂದೆ.

"ಅಲ್ಲೂ ಎರಡು ಸಂಸಾರಾ?" ಎಂದಳು. "ಒಂದು ಮನಿಗೆ ನಾವು ಓಟು ಹಾಕೂದು. ಇನ್ನೊಂದಕ್ಕ ನಮ್ಮ ಓಟು ತಗೊಂಡಾರು ಹಾಕೂದು. ಹಂಗಾರ ಆ ಎರಡನೇ ಮನ್ಯಾಗ ನಮ್ಮ ಮಾತು ಯಾರಿಗಿ ಕೇಳಸ್ತದರಿ?"

"ನೀನು ಹಾಕ್ತೀಯಲ್ಲ, ನಿನ್ನ ಮಾತು ಕೇಳಸ್ತದ" ಎಂದೆ. ಪದವೀಧರರ ಕ್ಷೇತ್ರ ಅಂತ ಒಂದಿದೆ, ಡಿಗ್ರಿ ಆಗಿರುವುದರಿಂದ ನನಗೂ ಅಲ್ಲಿ ಬೇರೆ ಮತವಿದೆ ಎಂದೂ ಹೇಳಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಕಾಲೇಜಿಗಿ ಹೋದಾರಿಗೆ ಹೆಚ್ಚಿಗಿ ಬಾಯಿ" ಎಂದು ಮೆಂತ್ಯದ ಕಟ್ಟು ಎಸೆದಳು.

ಯಾರಿಗೆ ಹಾಕುವುದೆಂದು ಅವಳು ಆಗಲೇ ಗಟ್ಟಿ ಮಾಡಿಕೊಂಡಿದ್ದಳು. ಹಳೇ ಸ್ಕೂಟರಿನಲ್ಲಿ ಒಬ್ಬರೇ ಬಂದ ನಿವೃತ್ತ ಮೇಷ್ಟ್ರು. "ಉಳಿದಾರೆಲ್ಲ ನನ್ನ ಗಂಡನ ಕೂಡ ಮಾತಾಡಿ ಹೋದ್ರು. ಅವರೊಬ್ಬರು ನನ್ನ ಕೂಡ ಮಾತಾಡಿದ್ರು" ಎಂದಳು. ಈ ಚುನಾವಣೆಯಲ್ಲಿ ಗುಂಡಿ ಒತ್ತುವುದಿಲ್ಲ, ಹೆಸರಿನ ಎದುರು ಅಂಕಿ ಬರೆಯಬೇಕು. ನೋಟುಬುಕ್ಕಿನ ಒಂದು ಪುಟದ ತುಂಬ ೧ ಬರೆದಳು. ಎಲ್ಲವೂ ಗೆರೆಯೊಳಗೇ ಇದ್ದವು.

ಮತದಾನಕ್ಕೆ ಇನ್ನೂ ವಾರ ಇರುವಾಗ ನನ್ನ ಮೈದುನ ಬಂದ. ಕಂಪ್ಲಿಯಲ್ಲಿ ಅವನದು ಅಕ್ಕಿ ಗಿರಣಿ. ಸೊಪ್ಪಿನವಳ ಗಂಡ ಅಲ್ಲಿಯೇ ಹಮಾಲಿ. ಒಬ್ಬ ಅಭ್ಯರ್ಥಿಗೆ ಆ ಕಡೆಯ ಪಂಚಾಯ್ತಿಗಳ ಮತ ಕೂಡಿಸಿಕೊಡುವ ಜವಾಬ್ದಾರಿ ಮೈದುನನದು. ಒಗ್ಗರಣೆ ಮಂಡಕ್ಕಿ ತಿನ್ನುತ್ತಾ ಹೇಳಿದ: "ಅತ್ತಿಗಿ, ಒಂದು ಸಣ್ಣ ಕೆಲಸ ಐತಿ. ಆ ಸೊಪ್ಪಿನಾಕಿ ಕೂಡ ನೀವು ಬೂತಿಗಿ ಹೋಗ್ಬೇಕು."

"ಆಕಿಗೆ ಓದಾಕ ಬರ್ತದಲ್ಲ?"

"ಬರ್ತದಂತಲೇ ತೊಂದರಿ" ಎಂದು ನಕ್ಕ. ಹಲ್ಲಿನ ಸಂದಿಯಿಂದ ಕರಿಬೇವಿನ ಎಲೆ ತೆಗೆದು ತಟ್ಟೆಯ ಅಂಚಿಗೆ ಒರೆಸಿದ.

ಓದಲು ಬಾರದವರು ಜೊತೆಗೆ ಒಬ್ಬರನ್ನು ಕರೆದೊಯ್ದು ಅವರ ಕೈಯಲ್ಲಿ ಅಂಕಿ ಬರೆಸಬಹುದು ಎಂಬ ನಿಯಮವಿದೆ. ಕುರುಡರಿಗೆ, ಕೈಲಾಗದವರಿಗೆ ಮಾಡಿದ ದಯೆಯ ನಿಯಮ. ಅದನ್ನೇ ಹಿಡಿದು ಇವರು, ಓದಲು ಬರುವವರಿಂದಲೂ ಬರುವುದಿಲ್ಲವೆಂದು ಅರ್ಜಿ ಹಾಕಿಸುತ್ತಿದ್ದರು. ಒಬ್ಬರು ಒಬ್ಬರಿಗೆ ಮಾತ್ರ ಜೊತೆ ಹೋಗಬಹುದಾದ್ದರಿಂದ ಮೈದುನನಿಗೆ ಮನೆಮಂದಿಯೆಲ್ಲ ಬೇಕಾಗಿದ್ದರು. "ನಿಮ್ಮನ್ನ ಕಂಡ್ರ ಆಕಿಗೆ ಭಾಳ ನಂಬಿಗಿ" ಎಂದ.

ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. ನಾನೂ ಆಗುವುದಿಲ್ಲ ಅನ್ನಲಿಲ್ಲ. "ಇನ್ನೊಂದು ಚೂರು ಮಂಡಕ್ಕಿ ಹಾಕ್ಲಾ?" ಎಂದು ಕೇಳಿದೆ.

ಮತ ಹಾಕುವವರನ್ನೆಲ್ಲ ಮೈದುನನ ಕಡೆಯವರು, ಎದುರಾಳಿಗಳ ಕೈಗೆ ಸಿಗದಂತೆ, ನಾಲ್ಕು ದಿನ ಸಂಡೂರಿನ ಗುಡ್ಡದ ಕಡೆ ಒಂದು ಗೆಸ್ಟ್‌ಹೌಸಿನಲ್ಲಿ ಇಟ್ಟಿದ್ದರು. ಮತದಾನದ ದಿನ ಬೆಳಿಗ್ಗೆ ಅವರನ್ನು ಕರೆತರಲು ಮೈದುನ ನನ್ನನ್ನೂ ಜೀಪಿನಲ್ಲಿ ಕರೆದುಕೊಂಡು ಹೋದ. ಹುಲ್ಲಿನ ಮೇಲೆ ಕೋಳಿ ಎಲುಬು, ಅದಿರಿನ ಕೆಂಪು ಧೂಳು ಕೂತ ಪೇಪರ್ ಪ್ಲೇಟು, ಅವುಗಳ ಮೇಲೆ ನೊಣ. ಗಂಡಸರು ಹಲ್ಲುಜ್ಜುತ್ತಾ ಅಲ್ಲಿಯೇ ಉಗುಳುತ್ತಿದ್ದರು. ಹೆಂಗಸರಿಗೆಲ್ಲ ಒಂದೇ ಬಣ್ಣದ, ಒಂದೇ ಅಂಚಿನ ಸೀರೆ ಉಡಿಸಿದ್ದರು, ಸಾಲಿನಲ್ಲಿ ನಿಂತಾಗ ಯಾರ ಕಡೆಯವರೆಂದು ದೂರದಿಂದಲೇ ಕಾಣಲೆಂದು. ಇಸ್ತ್ರಿಯ ಮಡಿಕೆ ಸಹ ಬಿಟ್ಟಿರಲಿಲ್ಲ. ಸೊಪ್ಪಿನವಳ ಸೀರೆಯ ಸೆರಗಿನಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ನಾನು ಅದನ್ನು ಕಿತ್ತೆ. ಅವಳ ಹೆಬ್ಬೆರಳಿನ ಉಗುರಿನ ಸುತ್ತ ನೀಲಿ ಮಸಿ.

"ಅರ್ಜಿಗಿ ಒತ್ತಿಸ್ಕೊಂಡ್ರು" ಎಂದಳು. "ಸಹಿ ಮಾಡ್ತೀನಿ ಅಂದ್ರ, ಸಹಿ ಮಾಡಿದ್ರ ಓದಾಕ ಬರ್ತದಂತ ತಿಳೀತದ, ಬ್ಯಾಡ ಅಂದ್ರು."

ಪಂಚಾಯ್ತಿ ಕಚೇರಿಯ ಮುಂದೆ ಒಂದೇ ಸೀರೆಯ ಸಾಲು, ಪ್ರತಿಯೊಬ್ಬಳ ಹಿಂದೆ ಒಬ್ಬ ಕಾವಲು. ಮೇಜಿನ ಅಧಿಕಾರಿ ಅವಳನ್ನು, "ಓದಾಕ ಬರಲ್ಲೇನಮ್ಮ?" ಎಂದು ಕೇಳಿದರು. ಅವಳು ನನ್ನ ಕಡೆ ನೋಡಿದಳು. ನಾನು ಗೋಡೆ ನೋಡಿದೆ. "ಬರಂಗಿಲ್ರೀ" ಎಂದಳು. ಅವಳ ಮತವನ್ನು ಯಾರಿಗೂ ತಿಳಿಸುವುದಿಲ್ಲ ಎಂಬ ಕಾಗದಕ್ಕೆ ನಾನು ಸಹಿ ಮಾಡಿದೆ, ಬಾಲ ಎಳೆದು, ಅಂದವಾಗಿ.

ರಟ್ಟಿನ ಮರೆಯೊಳಗೆ ನೇರಳೆ ಪೆನ್ನು ಅವಳತ್ತ ಚಾಚಿ, "ನೀನೇ ಬರಿ" ಎಂದೆ.

ಅವಳು ತೆಗೆದುಕೊಳ್ಳಲಿಲ್ಲ. ಕಿವಿಯ ಹತ್ತಿರ ಬಂದು ಕೇಳಿದಳು: "ಮೇಷ್ಟ್ರಿಗೆ ಬರದ್ರ, ಹೊರಗ ನಿಮ್ಮ ಮೈದುನಗ ಸುಳ್ಳು ಹೇಳ್ತೀರಾ ಅಕ್ಕಾರ? ನೀವು ಹೇಳಿದ್ರ ಆತ ನಂಬ್ತಾನ. ನನ್ನ ಗಂಡನ ಕೆಲಸಾನೂ ಉಳೀತದ."

ಹೌದು ಅಂದಿದ್ದರೆ ಸಾಕಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಬ್ಬಕ್ಕೆ ಮೈದುನ ಊಟಕ್ಕೆ ಬರುತ್ತಾನೆ, ಅವನ ಮುಖ ನೋಡಿ ಬಡಿಸಬೇಕು, ಎಂದಾದರೂ ಬಾಯಿ ತಪ್ಪಿದರೆ? ಸುಳ್ಳು ಹೇಳಬಾರದು ಎಂದು ಸಿಸ್ಟರು ಕಲಿಸಿದ್ದೂ ಆಗಲೇ ನೆನಪಾಗಬೇಕೆ! ಸುಳ್ಳು ಕಾಗದಕ್ಕೆ ಸಹಿ ಹಾಕಿ ಅರ್ಧ ನಿಮಿಷ ಆಗಿರಲಿಲ್ಲ.

"ತಡ ಆಗ್ತೈತ್ರಿ" ಎಂದು ಹೊರಗಿನಿಂದ ಅಧಿಕಾರಿ ಕೂಗಿದರು.

ನಾನು ಮೈದುನ ಹೇಳಿದ ಹೆಸರಿನ ಎದುರು ೧ ಬರೆದೆ. ಅವಳು ಬಗ್ಗಿ ಆ ಹೆಸರನ್ನು ಒತ್ತಕ್ಷರ ತಪ್ಪದೆ ಮೆಲ್ಲಗೆ ಓದಿದಳು.

ಹೊರಗೆ ಮೈದುನ ಹುಬ್ಬು ಹಾರಿಸಿದ. ನಾನು ತಲೆ ಆಡಿಸಿದೆ. ಯಾರಿಗೂ ತಿಳಿಸುವುದಿಲ್ಲ ಎಂಬ ಆಣೆ ಕಚೇರಿಯ ಮೆಟ್ಟಿಲು ಇಳಿಯುವುದರೊಳಗೆ ಮುಗಿಯಿತು. ಅವನ ಅಭ್ಯರ್ಥಿ ಗೆದ್ದ. ತಿಳಿದವರ ಸದನಕ್ಕೆ ಆರಿಸಿ ಹೋಗಲು ಅವನಿಗೆ ಓದಲು ಬಾರದವರ ಇಷ್ಟು ದೊಡ್ಡ ಸಾಲು ಬೇಕಾಯಿತು. ಆ ಸದನದಲ್ಲಿ ಅವನು ಯಾರ ಪ್ರತಿನಿಧಿ ಎಂದು ಕೇಳಿದರೆ ನನ್ನ ಬಳಿ ಉತ್ತರವಿದೆ: ನನ್ನಂಥವರ ಪ್ರತಿನಿಧಿ.

ಮುಂದಿನ ವಾರ ಅವಳು ಎಂದಿನಂತೆ ಬಂದಳು. ಸೊಪ್ಪು ಕೊಟ್ಟಳು. ನಾನು ಒಳಗೆ ಹೋಗಿ ನೋಟುಬುಕ್ಕು ತಂದು ಕಟ್ಟೆಯ ಮೇಲೆ ಇಟ್ಟೆ.

"ಬ್ಯಾಡ್ರಿ ಅಕ್ಕಾರ" ಎಂದು ಅವಳು ಸಿಂಬೆ ತಲೆಗಿಟ್ಟುಕೊಂಡಳು. "ನನಗ ಓದಾಕ ಬರಂಗಿಲ್ಲಂತ ಸರ್ಕಾರಕ್ಕ ಅರ್ಜಿ ಕೊಟ್ಟೀನಿ. ನೀವ ಸಾಕ್ಷಿ ಅದೀರಿ. ಬುಟ್ಟಿ ಎತ್ರಿ."

ನಾನು ಬುಟ್ಟಿಗೆ ಕೈ ಕೊಟ್ಟು ಎತ್ತಿದೆ.